ಅಂಗೈ ಮೇಲೆ ಎದ್ದು ನಿಂತ ತೆಂಗಿನಕಾಯಿ

ಕಳೆದ ಬೇಸಿಗೆ ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಹೊಲದಲ್ಲಿ ಹಿರಿಯರೊಬ್ಬರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ನಿಧಾನವಾಗಿ ನಡೆಯುತ್ತಿದ್ದರು. ಅವರ ಹಿಂದೆ ಅಪ್ಪ, ಅಪ್ಪನ ಹಿಂದೆ ಚಿಕ್ಕಪ್ಪ, ಕೊನೆಯಲ್ಲಿ ಬಿಇ ಓದುತ್ತಿರುವ ನಾನು. ಬೇವಿನ ಮರ ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು, ಕಾಯಿ ತಟ್ಟನೆ ಎದ್ದು ನಿಂತಿತು. ಅಲ್ಲೊಂದು ಕಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಬೋರ್‌ವೆಲ್‌ಗೆ ಪಾಯಿಂಟ್ ಸಿಕ್ಕಿತ್ತು.

ನಮ್ಮದು ಚಿಂತಾಮಣಿ ತಾಲ್ಲೂಕಿನ ಹಳ್ಳಿ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿ ಒಂದೂ ಇಲ್ಲ. ಟೊಮೆಟೊ ಬೆಳೆಯಲಿ, ಹಿಪ್ಪುನೇರಳೆ ಬೆಳೆಯಲಿ, ನಂಬಿಕೊಂಡಿರುವುದು ಬೋರನ್ನೇ. ಸಾವಿರ ಅಡಿ ಎಂದರೆ ಇಲ್ಲಿ ಯಾರೂ ಹುಬ್ಬೇರಿಸುವುದಿಲ್ಲ. ನಮ್ಮ ಹೊಲದಲ್ಲಿ ಅದಾಗಲೇ ಎರಡು ಬೋರ್ ಫೇಲ್ ಆಗಿದ್ದವು. ಮೂರನೆಯದಕ್ಕೆ ಅಪ್ಪ ಸಾಲ ಮಾಡಿದ್ದರು. ನನ್ನ ಕಾಲೇಜು ಫೀಸಿನ ಗಡುವೂ ಆಗಲೇ ಇತ್ತು.

"ನೀನು ಇಂಜಿನಿಯರ್ ಆಗೋನು, ಏನಂತೀಯ?" ಎಂದರು ಅಪ್ಪ, ಅವರು ಹೋದ ಮೇಲೆ.

"ಕಾಯಿ ಎದ್ದಿದ್ದು ನೀರಿಗಲ್ಲಪ್ಪ, ಅವರ ಕೈ ಅಲ್ಲಾಡಿದ್ದಕ್ಕೆ."

"ಸರಿ. ಹಂಗಾದ್ರೆ ಎಲ್ಲಿ ಕೊರೆಸಲಿ ಹೇಳು."

ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ರಾತ್ರಿ ನಿದ್ದೆಯೂ ಬರಲಿಲ್ಲ.

ಮರುದಿನ ನಾನೇ ಒಂದು ಕಾಯಿ ಹಿಡಿದು ನಡೆದೆ. ಕಲ್ಲಿಟ್ಟ ಜಾಗ ಹತ್ತಿರವಾದಂತೆ ನನ್ನ ಕೈಯಲ್ಲೂ ಕಾಯಿ ಎದ್ದಿತು! ನಿಜ ಹೇಳುತ್ತೇನೆ, ಮೈ ಜುಮ್ಮೆಂದಿತು. ನಾನು ಬೇಕೆಂದು ಏನೂ ಮಾಡಿರಲಿಲ್ಲ. ಆಮೇಲೆ ತಮ್ಮನಿಗೆ ಹೇಳಿ ಕಣ್ಣಿಗೆ ಟವೆಲ್ ಕಟ್ಟಿಸಿಕೊಂಡು ಅದೇ ಹೊಲದಲ್ಲಿ ಮತ್ತೆ ಮೂರು ಸಲ ತಿರುಗಿದೆ. ಮೂರು ಸಲವೂ ಕಾಯಿ ಬೇರೆ ಬೇರೆ ಕಡೆ ಎದ್ದಿತು, ಒಂದು ಸಲವಂತೂ ದನದ ಕೊಟ್ಟಿಗೆ ಪಕ್ಕ. ತಮ್ಮ ಬಿದ್ದು ಬಿದ್ದು ನಕ್ಕ.

ಇದರ ಗುಟ್ಟು ಹೊಸದಲ್ಲ. ಇಂಗ್ಲೆಂಡಿನಲ್ಲಿ ಜನ ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿಟ್ಟು, ಆತ್ಮಗಳು ಮೇಜನ್ನು ತಿರುಗಿಸುತ್ತವೆ ಎಂದು ನಂಬಿದ್ದ ಕಾಲವಿತ್ತು. 1853ರಲ್ಲಿ ಮೈಕೆಲ್ ಫ್ಯಾರಡೆ, ನಾವು ಪಾಠದಲ್ಲಿ ಓದುವ ಅದೇ ಫ್ಯಾರಡೆ, ಮೇಜಿಗೂ ಕೈಗೂ ನಡುವೆ ಮೆತ್ತನೆಯ ಅಂಟು ಹಾಕಿದ ರಟ್ಟುಗಳನ್ನಿಟ್ಟು ಪರೀಕ್ಷಿಸಿದ. ಮೊದಲು ಸರಿದದ್ದು ಕೈ, ಆಮೇಲೆ ಮೇಜು. ಕೈಯಿಟ್ಟವರು ಮೋಸಗಾರರಲ್ಲ, ತಾವೇ ತಳ್ಳುತ್ತಿದ್ದೇವೆಂದು ಅವರಿಗೇ ಗೊತ್ತಿರಲಿಲ್ಲ. ನಮ್ಮ ಹೊಲಕ್ಕೆ ಬಂದ ಹಿರಿಯರೂ ಮೋಸಗಾರರೆಂದು ನನಗೆ ಅನಿಸುವುದಿಲ್ಲ.

ಹಾಗಾದರೆ ವಿಜ್ಞಾನ ಏನು ಕೊಡುತ್ತದೆ? ನೆಲಕ್ಕೆ ನಾಲ್ಕು ಸರಳು ಹೊಡೆದು, ಎರಡರಲ್ಲಿ ಕರೆಂಟ್ ಬಿಟ್ಟು, ಉಳಿದೆರಡರ ನಡುವೆ ವೋಲ್ಟೇಜ್ ಅಳೆಯುತ್ತಾರೆ. ನೀರಿರುವ ಬಿರುಕು ಬಂಡೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುತ್ತದೆ, ಗಟ್ಟಿ ಕಗ್ಗಲ್ಲಿನಲ್ಲಿ ಹರಿಯುವುದಿಲ್ಲ. ಆದರೆ ಆಳಕ್ಕೆ ಹೋದಷ್ಟೂ ಸಣ್ಣ ಬಿರುಕು ಆ ಯಂತ್ರಕ್ಕೆ ಕಾಣುವುದು ಕಷ್ಟ. ನಾನು ಫೋನಿನಲ್ಲಿ ವಿಚಾರಿಸಿದ ಭೂವಿಜ್ಞಾನಿ ಪ್ರಾಮಾಣಿಕವಾಗಿ "ಗ್ಯಾರಂಟಿ ಕೊಡಲ್ಲಪ್ಪ" ಎಂದರು. ತೆಂಗಿನಕಾಯಿಯವರು ಮಾತ್ರ "ಎರಡೂವರೆ ಇಂಚು ನೀರು" ಎಂದು ಹೇಳಿ ಹೋಗಿದ್ದರು. ಸಾಲದ ದುಡ್ಡು ಜೇಬಿನಲ್ಲಿಟ್ಟುಕೊಂಡ ರೈತನಿಗೆ ಯಾರ ಮಾತು ಹಿತವಾಗುತ್ತದೆ, ನೀವೇ ಹೇಳಿ.

ಮಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪಗಳ ಮೀನುಗಾರರ ಜೊತೆ ಇದ್ದ. ದಡದ ಒಳಗಿನ ಶಾಂತ ನೀರಿನಲ್ಲಿ ಮೀನು ಹಿಡಿಯುವಾಗ ಅವರಿಗೆ ಮಂತ್ರ ಬೇಕಿರಲಿಲ್ಲ. ಅಪಾಯದ ತೆರೆದ ಕಡಲಿಗೆ ಹೋಗುವಾಗ ಮಾತ್ರ ಮಂತ್ರವೇ ಮಂತ್ರ. ನಮ್ಮೂರಲ್ಲೂ ಹಾಗೆಯೇ. ರಾಗಿ ಬಿತ್ತಲು ಯಾವ ಮಣ್ಣು ಸರಿ ಎಂದು ಅಪ್ಪ ಯಾರ ಕೈಯಲ್ಲೂ ಕಾಯಿ ಹಿಡಿಸುವುದಿಲ್ಲ, ಅದು ಅವರಿಗೆ ಗೊತ್ತು.

ನಾವು ವಿದ್ಯಾರ್ಥಿಗಳೇನು ಕಡಿಮೆ? ಲ್ಯಾಬ್ ರೆಕಾರ್ಡ್ ಬರೆಯಲು ಯಾರಿಗೂ ಯಂತ್ರ ತಾಯಿತ ಬೇಕಿಲ್ಲ. ಪ್ಲೇಸ್‌ಮೆಂಟ್ ಸೀಸನ್ ಬಂತೆಂದರೆ ಮಾತ್ರ ಚಿಕ್ಕಬಳ್ಳಾಪುರದ ನಮ್ಮ ಹಾಸ್ಟೆಲಿನಲ್ಲಿ ಬೆರಳುಗಳಿಗೆ ಹರಳಿನ ಉಂಗುರ ಹತ್ತುತ್ತದೆ, ಫೋನುಗಳಲ್ಲಿ ಜ್ಯೋತಿಷ್ಯದ ಆ್ಯಪ್ ಇಳಿಯುತ್ತದೆ. ನಿಮಿಷಕ್ಕಿಷ್ಟು ಎಂದು ದುಡ್ಡು ಕಟ್ಟಿ "ಕೆಲಸ ಯಾವಾಗ ಸಿಗುತ್ತೆ" ಎಂದು ಕೇಳಿದ ಸೀನಿಯರ್ ಒಬ್ಬರು ಊಟದ ಖರ್ಚಿಗೆ ನನ್ನ ಹತ್ತಿರ ಕೈಗಡ ಕೇಳಿದರು. ತೆಂಗಿನಕಾಯಿಯವರಾದರೂ ಒಂದು ಸಲ ಕಾಸು ತೆಗೆದುಕೊಂಡು ಹೋಗುತ್ತಾರೆ!

ಎಲ್ಲ ಆಚರಣೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸಿಲ್ಲ. ಶಿಡ್ಲಘಟ್ಟದ ಕಡೆಯ ನಮ್ಮ ಸೋದರತ್ತೆ, ದೃಷ್ಟಿಯಾಗುತ್ತದೆ ಎಂದು ರೇಷ್ಮೆಹುಳುವಿನ ಮನೆಯೊಳಗೆ ಹೊರಗಿನವರನ್ನು ಬಿಡುವುದಿಲ್ಲ. ಹೊರಗಿನವರ ಕೈಕಾಲಿನಿಂದ ಹುಳುವಿಗೆ ರೋಗ ಹರಡುತ್ತದೆ, ಹಾಗಾಗಿ ಬಿಡಬೇಡಿ ಎಂದು ರೇಷ್ಮೆ ಇಲಾಖೆಯವರೂ ಹೇಳುತ್ತಾರೆ. ಕಾರಣ ಬೇರೆ, ಬಾಗಿಲು ಒಂದೇ.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯ ನಮ್ಮ ಸೀಮೆಯವರೇ. (ಎಚ್.ಎನ್. ಎಂದರೆ ನಮ್ಮ ವಯಸ್ಸಿನವರಿಗೆ ನೆನಪಾಗುವುದು ಕೆರೆಗೆ ಸಂಸ್ಕರಿಸಿದ ನೀರು ತರುವ ಎಚ್.ಎನ್. ವ್ಯಾಲಿ. ಅದು ಹೆಬ್ಬಾಳ-ನಾಗವಾರ.) ಭೌತಶಾಸ್ತ್ರದ ಮೇಷ್ಟ್ರಾದ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದರು. ಅವರು ಕೇಳಿದ್ದು ಇಷ್ಟೇ: ನಾವು ಹೇಳುವ ಷರತ್ತಿಗೆ ಒಳಪಟ್ಟು ಮಾಡಿ ತೋರಿಸಿ. ದೊಡ್ಡ ದೊಡ್ಡವರನ್ನೇ ಅವರು ಹಾಗೆ ಕೇಳಿದರು. ನಮ್ಮ ಮನೆಯಲ್ಲಿ ಊಟ ಮಾಡಿ ಕುಳಿತಿದ್ದ ಹಿರಿಯರನ್ನು "ಕಣ್ಣು ಕಟ್ಟಿಕೊಂಡು ಇನ್ನೊಮ್ಮೆ ನಡೆಯಿರಿ" ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ಅಪ್ಪನ ಮುಖ ನೋಡಿ ಸುಮ್ಮನಾದೆ.

ಕಲ್ಲಿಟ್ಟ ಜಾಗದಲ್ಲೇ ಕೊರೆಸಿದರು. 1,120 ಅಡಿಗೆ ನೀರು ಬಂತು, ಒಂದು ಇಂಚಿಗಿಂತ ಸ್ವಲ್ಪ ಜಾಸ್ತಿ. ಅಪ್ಪ ನನ್ನನ್ನು ನೋಡಿ ಏನೂ ಹೇಳಲಿಲ್ಲ, ಮೀಸೆಯಲ್ಲಿ ನಕ್ಕರು ಅಷ್ಟೇ. ನನಗೂ ಅಳು ಬರುವಷ್ಟು ಖುಷಿಯಾಗಿತ್ತು. ಹಿಂದಿನ ಎರಡು ಫೇಲಾದ ಬೋರಿಗೂ ಕಾಯಿಯವರೇ ಪಾಯಿಂಟ್ ಹಾಕಿದ್ದರೆಂಬುದು ಆ ಹೊತ್ತಿಗೆ ಯಾರಿಗೂ ನೆನಪಿರಲಿಲ್ಲ.

ಆಗಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಊರಿಗೆ ಹೋದಾಗಲೆಲ್ಲ ಮನೆ ಮನೆಗೆ ಹೋಗಿ ಕೇಳುತ್ತೇನೆ: ಪಾಯಿಂಟ್ ನೋಡಿದವರು ಯಾರು, ಎಷ್ಟು ಅಡಿ, ನೀರು ಬಂತೋ ಇಲ್ಲವೋ. ನೀರು ಬಂದವರು ಕೂರಿಸಿ ಕಾಫಿ ಕೊಟ್ಟು ಪೂರ್ತಿ ಕಥೆ ಹೇಳುತ್ತಾರೆ. ಬಾರದವರು "ಅದನ್ನ್ಯಾಕೆ ಬರ್ಕೊಳ್ತೀಯ ಬಿಡಪ್ಪ" ಎಂದು ಒಳಗೆ ಹೋಗುತ್ತಾರೆ. ಹಾಗಾಗಿ ಒಂದು ಕಾಲಂ ಇನ್ನೂ ಅರ್ಧ ಖಾಲಿಯಿದೆ. ಮೊದಲ ಸಾಲಿನಲ್ಲಿ ನಮ್ಮ ಹೊಲದ್ದೇ ಮೂರನ್ನೂ ಬರೆದಿದ್ದೇನೆ.