ಅಡುಗೆಮನೆಯ ಇಂಗಾಲಕ್ಕೆ ಒಡೆಯರು ಯಾರು?



ನಮ್ಮ ಗೂಳೂರಿನ ಕಡೆ ಈಚೆಗೆ ಒಂದು ಮಾತು ಓಡಾಡುತ್ತಿದೆ: "ಹೊಗೆ ಬಾರದ ಒಲೆ ಪುಕ್ಕಟೆ, ಒಂದು ಸಹಿ ಹಾಕಿದರೆ ಸಾಕು." ಪುಕ್ಕಟೆ ಯಾಕೆಂದು ಕೇಳಿದರೆ ಬರುವ ಉತ್ತರ, ಕಾರ್ಬನ್ ಕ್ರೆಡಿಟ್.

ಇದರ ಲೆಕ್ಕ ಸರಳವಾದದ್ದು. ದೂರದ ಶ್ರೀಮಂತ ದೇಶದ ಕಂಪನಿ ತನ್ನ ಹೊಗೆ ತಗ್ಗಿಸುವ ಬದಲು, ನಮ್ಮಂಥವರ ಕಡೆ ತಗ್ಗಿದ ಹೊಗೆಗೆ ಹಣ ಕೊಟ್ಟು ಅದನ್ನು ತನ್ನ ಖಾತೆಗೆ ಬರೆದುಕೊಳ್ಳುತ್ತದೆ. ಒಂದು ಟನ್ ಇಂಗಾಲದ ಡೈಆಕ್ಸೈಡ್ ಉಳಿದರೆ ಒಂದು ಕ್ರೆಡಿಟ್. 1997ರ ಕ್ಯೋಟೋ ಒಪ್ಪಂದ ಈ ವ್ಯಾಪಾರಕ್ಕೆ ದಾರಿ ಮಾಡಿತು.

"ಇದೆಲ್ಲ ಬರೀ ಮೋಸ" ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಬಾಗೇಪಲ್ಲಿಯ ಕಡೆ ನೋಡಿ. ಅಲ್ಲಿನ ಕೂಲಿ ಸಂಘ, ಅಂದರೆ ಸಣ್ಣ ರೈತರು ಮತ್ತು ಕೂಲಿಕಾರರ ಸಂಘ, 5,500 ಮನೆಗಳಿಗೆ ಗೋಬರ್ ಗ್ಯಾಸ್ ಕಟ್ಟುವ ಯೋಜನೆಯನ್ನು 2005ರಲ್ಲೇ ವಿಶ್ವಸಂಸ್ಥೆಯ ವ್ಯವಸ್ಥೆಯಲ್ಲಿ ನೋಂದಾಯಿಸಿತು. ಮುಂದೆ ಹುಟ್ಟಲಿರುವ ಕ್ರೆಡಿಟ್‌ಗಳ ಮೇಲೆ ಮುಂಗಡ ತಂದು ಘಟಕ ಕಟ್ಟಿಸಿತು. ಒಂದು ಘಟಕಕ್ಕೆ ವರ್ಷಕ್ಕೆ ಸುಮಾರು ಮೂರೂವರೆ ಟನ್ ಎಂದು ಯೋಜನೆಯ ಲೆಕ್ಕ. ಸೌದೆ ಹೊರುವ ಹೆಂಗಸಿನ ಬೆನ್ನು ಉಳಿಯಿತು, ಕಣ್ಣು ಉಳಿಯಿತು, ಹೊಲಕ್ಕೆ ಬಗ್ಗಡವೂ ಸಿಕ್ಕಿತು. ಯೋಜನೆಯ ಒಡೆತನ ದುಡಿಯುವವರ ಸಂಘದ ಕೈಯಲ್ಲಿತ್ತು. ಗುಟ್ಟು ಇರುವುದು ಅಲ್ಲೇ.

"ಬಂದದ್ದು ಬರಲಿ, ಪುಕ್ಕಟೆ ತಾನೆ" ಎನ್ನುವವರ ಮಾತನ್ನೂ ಒಪ್ಪುವುದಿಲ್ಲ. ಅದೇ ವ್ಯವಸ್ಥೆಯಲ್ಲಿ ಮೊದಲ ವರ್ಷಗಳ ದೊಡ್ಡ ಪಾಲು ಕ್ರೆಡಿಟ್ ಹೋದದ್ದು ಬಡವರ ಮನೆಗಲ್ಲ; ತಂಪು ಯಂತ್ರಗಳಿಗೆ ಬೇಕಾದ ಅನಿಲ ತಯಾರಿಸಿ, ಜೊತೆಗೆ ಹುಟ್ಟುವ ಎಚ್‌ಎಫ್‌ಸಿ-23 ಅನಿಲವನ್ನು ಸುಡುತ್ತಿದ್ದ ಬೆರಳೆಣಿಕೆಯ ಕಾರ್ಖಾನೆಗಳಿಗೆ. ಯೂರೋಪು 2013ರಲ್ಲಿ ಆ ಕ್ರೆಡಿಟ್‌ಗಳನ್ನು ಬೇಡವೆಂದಿತು. ಅಷ್ಟರಲ್ಲಿ ಬೆಲೆಯೂ ಕುಸಿದಿತ್ತು. 2008ರಲ್ಲಿ 20 ಯೂರೋ ದಾಟಿದ್ದ ಕ್ರೆಡಿಟ್ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗೆ ಬಿತ್ತು. ನಮ್ಮ ಕೊಬ್ಬರಿ ಬೆಲೆಯ ಏರಿಳಿತ ಕಂಡವರಿಗೆ ಇದರ ನೋವು ಹೇಳಿಕೊಡಬೇಕಿಲ್ಲ.

ಲೆಕ್ಕದಲ್ಲೂ ಕಳ್ಳತನವಿದೆ. ಒಲೆ ಹಂಚುವ ಯೋಜನೆಗಳನ್ನು ಪರಿಶೀಲಿಸಿದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು, ಅವು ನಿಜವಾಗಿ ಉಳಿಸಿದ್ದಕ್ಕಿಂತ ಸರಾಸರಿ ಒಂಬತ್ತು ಪಟ್ಟು ಹೆಚ್ಚು ಕ್ರೆಡಿಟ್ ತೋರಿಸಿದ್ದವೆಂದು 2024ರಲ್ಲಿ ಪ್ರಕಟಿಸಿದರು. ಹೊಸ ಒಲೆ ಅಟ್ಟದ ಮೇಲೆ, ಅಡುಗೆ ಹಳೆಯ ಒಲೆಯ ಮೇಲೆ. ಕಾಗದದಲ್ಲಿ ಮಾತ್ರ ಹೊಗೆ ಮಾಯ! ಆ ಸುಳ್ಳು ಟನ್ನನ್ನು ಕೊಂಡವನು ಅಲ್ಲಿ ನಿಜವಾದ ಹೊಗೆ ಬಿಡುತ್ತಾನೆ. ಲೆಕ್ಕ ನಿಜವಿದ್ದರೂ ನಮ್ಮ ಒಲೆಯಲ್ಲಿ ತಗ್ಗಿದ್ದು ಅವನ ಚಿಮಣಿಯಲ್ಲಿ ಮುಂದುವರಿದರೆ ಆಕಾಶಕ್ಕೆ ಸಿಗುವ ಲಾಭ ಸೊನ್ನೆ. ಅವನೂ ತಗ್ಗಿಸಬೇಕು, ಅದರ ಮೇಲೆ ನಮಗೂ ನೆರವಾಗಬೇಕು.

ನಮ್ಮ ಬೀದಿಗೆ ಬಂದ ಒಂದು ಕಾಗದವನ್ನು ನಾನೇ ಓದಿದೆ. ಎಲ್ಲ ಇಂಗ್ಲಿಷಿನಲ್ಲಿತ್ತು. ಒಲೆ ಪಡೆದವಳು ಕ್ರೆಡಿಟ್‌ನ ಹಕ್ಕನ್ನು ಪೂರ್ತಿ ಬಿಟ್ಟುಕೊಟ್ಟಿದ್ದಾಳೆ ಎಂಬ ಸಾಲು ಮೂರನೆಯ ಪುಟದಲ್ಲಿತ್ತು. ಸಹಿ ಹಾಕಿದ ಅಕ್ಕನಿಗೆ ಅದನ್ನು ಯಾರೂ ಓದಿ ಹೇಳಿರಲಿಲ್ಲ.

ಭಾರತ ಸರ್ಕಾರವೂ 2023ರಲ್ಲಿ ತನ್ನದೇ ಕಾರ್ಬನ್ ಕ್ರೆಡಿಟ್ ವ್ಯಾಪಾರ ಯೋಜನೆಯನ್ನು ಪ್ರಕಟಿಸಿದೆ. ಆದ್ದರಿಂದ ಈ ಕಾಗದಗಳು ಇನ್ನೂ ಬರುತ್ತವೆ. ಮಠಗಳ ಅಕ್ಕನ ಬಳಗಗಳಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ, ಗ್ರಾಮಸಭೆಯಲ್ಲಿ ನಾವು ಕೇಳಬೇಕಾದದ್ದು ಇಷ್ಟು. ಕರಾರು ಕನ್ನಡದಲ್ಲಿರಲಿ, ಎಲ್ಲರೆದುರು ಓದಲಿ. ಹಕ್ಕು ಎಷ್ಟು ವರ್ಷಕ್ಕೆ, ಯಾವ ಬೆಲೆಗೆ ಹೋಗುತ್ತದೆಂದು ಬರೆಯಲಿ. ಕೆಟ್ಟರೆ ರಿಪೇರಿ ಯಾರದೆಂದು ಬರೆಯಲಿ. ಪಾಲಿನ ಹಣ ಒಲೆ ಮುಂದೆ ಕೂರುವವಳ ಖಾತೆಗೇ ಬರಲಿ.

ಕಾಯಕ ಅವಳದು. ಫಲ ಬೇರೊಬ್ಬರದಾದರೆ ಅದಕ್ಕೆ ಪರಿಸರದ ಹೆಸರಿಟ್ಟರೂ ಅದು ಸುಲಿಗೆಯೇ. ಓದಿ ಹೇಳುವವರು ಸಿಗುವವರೆಗೆ, ಅಕ್ಕಂದಿರೇ, ಸಹಿ ಹಾಕಬೇಡಿ.