ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟಬೇಡಿ

ಮಳೆಗಾಲ ಹಿಡಿಯಿತೆಂದರೆ ಯಲ್ಲಾಪುರದ ಬಸ್ ಸ್ಟ್ಯಾಂಡಿನಲ್ಲಿ ಬೆಳಿಗ್ಗೆ ಒಂದೇ ಮಾತು: ‘ಇವತ್ತು ಶಾಲೆ ಇದೆಯೋ, ರಜೆಯೋ?’ ಉತ್ತರ ಹೇಳುವುದು ಮೇಸ್ತರೂ ಅಲ್ಲ, ಅಕ್ಕೋರೂ ಅಲ್ಲ, ಕಿಸೆಯಲ್ಲಿರುವ ಮೊಬೈಲು. ಜಿಲ್ಲಾಧಿಕಾರಿಗಳ ಹೆಸರಿದೆ, ಸರ್ಕಾರದ ಮುದ್ರೆಯಿದೆ, ಕೆಳಗೆ ಸಹಿಯೂ ಇದೆ. ದಿನಾಂಕ ನೋಡಿದರೆ ಹೋದ ವರ್ಷದ್ದು! ಅದನ್ನು ನಂಬಿ ಮಾಗೋಡಿನ ಹುಡುಗ ಮನೆಯಲ್ಲೇ ಉಳಿದರೆ ಒಂದು ದಿನದ ಪಾಠ ಹೋಯಿತು. ನಿಜವಾದ ಆದೇಶವನ್ನು ‘ಇದೂ ಸುಳ್ಳೇ ಇರಬೇಕು’ ಎಂದು ಬಿಟ್ಟು ಬಸ್ ಹತ್ತಿದರೆ, ಅಷ್ಟು ದೂರ ಮಳೆಯಲ್ಲಿ ನೆನೆದು ಬಂದು ಮುಚ್ಚಿದ ಗೇಟು ನೋಡಿ ಹೋಗಬೇಕು.

ಇದೇನು ನಗುವ ಮಾತಲ್ಲ. 2021ರ ಜುಲೈನಲ್ಲಿ ಇದೇ ತಾಲೂಕಿನ ಕಳಚೆಯಲ್ಲಿ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಹೊಳೆಯ ಪಾಲಾಯಿತು, ಅರಬೈಲ್ ಘಟ್ಟದಲ್ಲಿ ಸಂಚಾರ ನಿಂತಿತು. ಅಂಥ ಸೀಮೆಯಲ್ಲಿ ‘ಘಟ್ಟ ಕುಸಿದಿದೆ’ ಎಂಬ ಸುದ್ದಿ ಯಾವತ್ತು ಬಂದರೂ ನಂಬುವಂತೆಯೇ ಇರುತ್ತದೆ. ಅಂದಿನ ಫೋಟೋವನ್ನು ಇಂದಿನದೆಂದು ಯಾರೋ ಒಬ್ಬರು ದಾಟಿಸಿದರೆ ನೂರು ಜನರ ಪ್ರಯಾಣ ಕೆಡುತ್ತದೆ. ನಾಲ್ಕು ಸಲ ಹೀಗಾದ ಮೇಲೆ ಐದನೆಯ ಸಲ ನಿಜವಾಗಿ ಕುಸಿದಾಗ ಯಾರೂ ಕಿವಿಗೊಡುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಅಂಗಡಿಕಾರರ ಪಾಡೂ ಇದೇ. ಗಿರಾಕಿ ‘ದುಡ್ಡು ಹಾಕಿದೆ ನೋಡಿ’ ಎಂದು ಮೊಬೈಲಿನ ಪರದೆ ತೋರಿಸುತ್ತಾನೆ. ಪರದೆಯ ಮೇಲಿನ ಚಿತ್ರ ಬೇರೆ, ಖಾತೆಗೆ ಬಿದ್ದ ಹಣ ಬೇರೆ ಎಂಬುದು ಗೊತ್ತಿಲ್ಲದವರು ಸಾಮಾನು ಕಟ್ಟಿ ಕೊಟ್ಟುಬಿಡುತ್ತಾರೆ. ಇನ್ನೊಬ್ಬ ಫೋನು ಮಾಡಿ ‘ಹಣ ಕಳಿಸ್ತೇನೆ, ನಿಮ್ಮ ಪಿನ್ ಒತ್ತಿ’ ಅನ್ನುತ್ತಾನೆ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಡ. ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ಈ ಒಂದು ವಾಕ್ಯ ತಿಳಿದಿದ್ದರೆ ಎಷ್ಟೋ ಗಲ್ಲಾಪೆಟ್ಟಿಗೆಗಳು ಉಳಿಯುತ್ತವೆ. ಹಾಗೂ ಮೋಸ ಹೋದರೆ ಕೂಡಲೇ 1930ಕ್ಕೆ ಫೋನು ಮಾಡಬೇಕು ಎಂಬುದಾದರೂ ಎಷ್ಟು ಅಂಗಡಿಗಳಲ್ಲಿ ಗೊತ್ತು?

ದುಡ್ಡು ಹೋದರೆ ಮತ್ತೆ ದುಡಿಯಬಹುದು, ಜೀವ ಹೋದರೆ? 2018ರ ಜುಲೈನಲ್ಲಿ ಬೀದರ ಜಿಲ್ಲೆಯ ಔರಾದ ತಾಲೂಕಿಗೆ ಹೈದರಾಬಾದಿನ ಕಡೆಯಿಂದ ಕಾರಿನಲ್ಲಿ ಬಂದಿದ್ದವರು ಶಾಲೆಯ ಮಕ್ಕಳಿಗೆ ಚಾಕೊಲೇಟು ಕೊಟ್ಟರು. ‘ಮಕ್ಕಳ ಕಳ್ಳರು’ ಎಂಬ ಮಾತು ವಾಟ್ಸಪ್‌ನಲ್ಲಿ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ಜನ ಅಡ್ಡಗಟ್ಟಿ ಹೊಡೆದರು. ಒಬ್ಬ ಯುವ ಇಂಜಿನಿಯರ್ ಪ್ರಾಣ ಬಿಟ್ಟ. ಹೊಡೆದವರಲ್ಲಿ ಒಬ್ಬನಾದರೂ ‘ಇದನ್ನು ಹೇಳಿದವರು ಯಾರು?’ ಎಂದು ಕೇಳಿದ್ದರೆ ಸಾಕಿತ್ತು.

ಸರ್ಕಾರ ಏನೂ ಮಾಡಲಿಲ್ಲವೆಂದಲ್ಲ. 2001ರಲ್ಲಿ ಮಾಹಿತಿ ಸಿಂಧು ಎಂಬ ಹೆಸರಿನಲ್ಲಿ ಸರ್ಕಾರಿ ಪ್ರೌಢಶಾಲೆಗಳಿಗೆ ಕಂಪ್ಯೂಟರು ಬಂತು. 2017ರಲ್ಲಿ ಕೇಂದ್ರ ಸರ್ಕಾರ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಹೂಡಿತು. ಮನೆಗೊಬ್ಬರಂತೆ ಆರು ಕೋಟಿ ಮನೆಗಳಿಗೆ ತಲಾ 20 ಗಂಟೆಯ ತರಬೇತಿ ಅದರ ಗುರಿ. 2024ರ ಮಾರ್ಚಿಗೆ ಅದೂ ಮುಗಿಯಿತು. ಇವುಗಳಲ್ಲಿ ಹೆಚ್ಚಾಗಿ ಕಲಿಸಿದ್ದೇನು? ಗುಂಡಿ ಒತ್ತುವುದು, ಅರ್ಜಿ ತುಂಬುವುದು, ಹಣ ಕಳಿಸುವುದು. ಬೇಕಾದದ್ದೇ, ಬೇಡ ಎನ್ನುವವರಿಲ್ಲ. ಆದರೆ ತಕ್ಕಡಿ ಕೊಟ್ಟು ತೂಕದ ಕಲ್ಲು ಕೊಡದಿದ್ದರೆ ವ್ಯಾಪಾರ ನಡೆದೀತೆ? ಬಂದ ಸುದ್ದಿಯನ್ನು ತೂಗಿ ನೋಡುವ ವಿದ್ಯೆ ಹಿಂದೆಯೇ ಉಳಿಯಿತು. 2020ರ ಲಾಕ್‌ಡೌನಿನಲ್ಲಿ ಸಿಗ್ನಲ್ಲಿಗಾಗಿ ಈ ಜಿಲ್ಲೆಯ ಮಕ್ಕಳು ಗುಡ್ಡ ಹತ್ತಿ ಕೂತರು. ಗುಡ್ಡ ಹತ್ತಿ ತಂದದ್ದು ಕಾಳೋ ಜೊಳ್ಳೋ ಎಂದು ಕೇರಿ ನೋಡಲು ಅವರಿಗೆ ಯಾರೂ ಮೊರ ಕೊಡಲಿಲ್ಲ.

ಈ ವಿದ್ಯೆ ಈ ಸೀಮೆಗೆ ಹೊಸದೇ? ಅಲ್ಲವೇ ಅಲ್ಲ. ಮಾಗೋಡಿನಲ್ಲಿ ಧುಮುಕುವ ಇದೇ ಬೆಡ್ತಿ ಹೊಳೆಗೆ ಅಣೆಕಟ್ಟು ಕಟ್ಟುವ ಜಲವಿದ್ಯುತ್ ಯೋಜನೆ ಬಂದಾಗ, ಇಲ್ಲಿಯ ಅಡಿಕೆ ಬೆಳೆಗಾರರು ಬರೀ ಘೋಷಣೆ ಕೂಗಿ ಸುಮ್ಮನಾಗಲಿಲ್ಲ. ವಿಜ್ಞಾನಿಗಳನ್ನೂ ತಜ್ಞರನ್ನೂ ಕರೆಸಿ 1981ರ ಜನವರಿಯಲ್ಲಿ ಶಿರಸಿಯಲ್ಲಿ ವಿಚಾರ ಸಂಕಿರಣ ನಡೆಸಿದರು. ಸರ್ಕಾರ ಹೇಳಿದ ಲಾಭವೆಷ್ಟು, ಮುಳುಗುವ ಕಾಡು ತೋಟಗಳ ಬೆಲೆಯೆಷ್ಟು ಎಂದು ಲೆಕ್ಕ ಹಾಕಿ ನೋಡಿದರು. ಲೆಕ್ಕ ಕೂಡಿ ಬರಲಿಲ್ಲ. ಯೋಜನೆ ಮೂಲೆ ಸೇರಿತು. ಸರ್ಕಾರದ ವರದಿಯನ್ನೇ ಒರೆಗೆ ಹಚ್ಚಿದ ಜನರ ಮೊಮ್ಮಕ್ಕಳು ಇಂದು ಹೆಸರಿಲ್ಲದ ಸಂದೇಶಕ್ಕೆ ತಲೆದೂಗುತ್ತ ಕೂರುವುದು ಶೋಭೆಯಲ್ಲ.

ಆಗಬೇಕಾದದ್ದು ದೊಡ್ಡದೇನಲ್ಲ. ವಾರಕ್ಕೊಂದು ಪಿರಿಯಡ್ ಸಾಕು. ಹೇಳಿದವರು ಯಾರು, ಯಾವತ್ತಿನದು, ಬೇರೆ ಕಡೆಯೂ ಬಂದಿದೆಯೇ, ಇದರಿಂದ ಲಾಭ ಯಾರಿಗೆ – ಈ ನಾಲ್ಕು ಪ್ರಶ್ನೆ ಮಕ್ಕಳ ಬಾಯಿಗೆ ಬರಬೇಕು. ಇದಕ್ಕೆ ಇಂಟರ್ನೆಟ್ಟೂ ಬೇಕಿಲ್ಲ. ಎರಡು ದಿನಪತ್ರಿಕೆ, ಒಂದು ಮೊಬೈಲು ಇದ್ದರೆ ಆಯಿತು. ಕೇರಳದ ಕಣ್ಣೂರು ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲೇ ಸುಳ್ಳು ಸುದ್ದಿ ಗುರುತಿಸುವ ಪಾಠ ನಡೆದಿದೆ. ಅಲ್ಲಿ ಆದದ್ದು ಇಲ್ಲೇಕೆ ಆಗದು? ದೊಡ್ಡವರಿಗೂ ಕಲಿಯಬೇಕೆಂದರೆ ಪಂಚಾಯ್ತಿಗಳ ಅರಿವು ಕೇಂದ್ರಗಳಿವೆ. ಸಂತೆಯ ದಿನ ಸಂಜೆ ಒಂದು ತಾಸು ಅಂಗಡಿಕಾರರನ್ನು ಕರೆದು ಕೂರಿಸಿದರೆ ಗಂಟೇನೂ ಹೋಗದು.

ಶಿರಸಿ ಶೈಕ್ಷಣಿಕ ಜಿಲ್ಲೆಯ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು ಮೇಲಿನಿಂದ ಸುತ್ತೋಲೆ ಬರಲೆಂದು ಕಾಯದೆ ಮಾಗೋಡಿನಂಥ ಒಳಗಿನ ಊರುಗಳಿಂದಲೇ ಇದನ್ನು ಆರಂಭಿಸಲಿ. ಪೇಟೆಯವನಿಗೆ ಸಂಶಯ ಬಂದರೆ ಹತ್ತು ಹೆಜ್ಜೆಯಲ್ಲಿ ಕೇಳಲು ಜನ ಸಿಗುತ್ತಾರೆ. ಕಾಡಿನ ನಡುವಿನ ಒಂಟಿ ಮನೆಗೆ ಆ ಅನುಕೂಲವಿಲ್ಲ. ಮೊಬೈಲು ಹೇಳಿದ್ದೇ ಅಲ್ಲಿ ವೇದವಾಕ್ಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಾಣದೆ, ಕೇಳದೆ, ಬರೀ ಬೆರಳಾಡಿಸಿ ನಂಬುವ ಕಾಲದಲ್ಲಿ ಆ ಮಾತು ಶಾಲೆಯ ಪಾಠವೇ ಆಗಬೇಕು.