ಒಂದೇ ಪಾಸ್‌ವರ್ಡ್, ಎಲ್ಲರ ಕೈಯಲ್ಲಿ

ನಾವು ಐದು ಜನ ವರದಿಗಾರರು ಸೇರಿ ಫೋಟೊ, ವಿಡಿಯೊ ಇಡಲು ಒಂದು ಕ್ಲೌಡ್ ಖಾತೆ ಮಾಡಿದ್ದೆವು. ಪಾಸ್‌ವರ್ಡ್ ಒಂದೇ. ಅದನ್ನು ವಾಟ್ಸ್‌ಆ್ಯಪ್ ಗ್ರೂಪಿನಲ್ಲೇ ಹಾಕಿದ್ದೆವು! ಒಂದು ದಿನ ನೋಡಿದರೆ ಬರಗಾಲದ ಫೋಟೊಗಳ ಫೋಲ್ಡರ್ ಇಲ್ಲ. ಅಷ್ಟರಲ್ಲಿ ಕೆಲಸ ಬಿಟ್ಟಿದ್ದ ಹುಡುಗನ ಮೇಲೆ ಎಲ್ಲರಿಗೂ ಅನುಮಾನ. ಅಳಿಸಿದ್ದು ಅವನೋ, ನಮ್ಮಲ್ಲೇ ಯಾರದ್ದೋ ಬೆರಳು ತಪ್ಪಿತೋ? ಐವರೂ ಒಂದೇ ಹೆಸರಿನಲ್ಲಿ ಒಳಗೆ ಹೋಗುತ್ತಿದ್ದರೆ ಹೇಳುವುದು ಹೇಗೆ? ಅವನು ಈಗಲೂ ನನ್ನ ಫೋನ್ ಎತ್ತುವುದಿಲ್ಲ.

ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಮೂರರ ಕ್ಲೌಡ್‌ನಲ್ಲೂ ಇದಕ್ಕೆ 'ರೋಲ್' ಎಂಬ ಏರ್ಪಾಡಿದೆ. ಪ್ರತಿಯೊಬ್ಬರಿಗೂ ಅವರದೇ ಲಾಗಿನ್, ಅನುಮತಿ ಮಾತ್ರ ಕೆಲಸಕ್ಕೆ ತಕ್ಕಷ್ಟು. ವರದಿಗಾರ ಫೋಟೊ ಹಾಕಬಹುದು, ಅಳಿಸುವಂತಿಲ್ಲ. ಲೆಕ್ಕ ನೋಡುವವರಿಗೆ ಬಿಲ್ ಅಷ್ಟೇ. ಯಾರಾದರೂ ಬಿಟ್ಟುಹೋದರೆ ಅವರೊಬ್ಬರ ಲಾಗಿನ್ ತೆಗೆದರಾಯಿತು.

ರೋಲ್ ಇದ್ದ ಮಾತ್ರಕ್ಕೆ ಮುಗಿಯಲಿಲ್ಲ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಸುಮಾರು 10 ಕೋಟಿ ಅಮೆರಿಕನ್ನರ, 60 ಲಕ್ಷ ಕೆನಡಿಯನ್ನರ ಮಾಹಿತಿ ಕಳುವಾಯಿತು. ಬಾಗಿಲು ಕಾಯಬೇಕಿದ್ದ ಫೈರ್‌ವಾಲ್‌ನ ರೋಲ್‌ಗೆ ಗ್ರಾಹಕರ ಕಡತ ಓದುವ ಅನುಮತಿಯೂ ಇತ್ತು, ಕಳ್ಳತನ ನಡೆದದ್ದು ಅದರ ಮೂಲಕ. ಕಾವಲುಗಾರನಿಗೆ ತಿಜೋರಿ ಕೀಲಿ ಯಾಕೆ ಬೇಕಿತ್ತು? ಮರುವರ್ಷ ಬ್ಯಾಂಕ್ ಕಟ್ಟಿದ ದಂಡ 8 ಕೋಟಿ ಡಾಲರ್.

ನಿಮ್ಮ ಹಾಲಿನ ಸಂಘದ, ಸ್ತ್ರೀಶಕ್ತಿ ಗುಂಪಿನ ಲೆಕ್ಕವೂ ಆನ್‌ಲೈನ್‌ನಲ್ಲಿದ್ದರೆ ಮುಂದಿನ ಸಭೆಯಲ್ಲಿ ಒಂದು ಮಾತು ಕೇಳಿ: ಹೋದ ವರ್ಷ ಕೆಲಸ ಬಿಟ್ಟ ಆಪರೇಟರ್‌ನ ಲಾಗಿನ್ ಇನ್ನೂ ತೆರೆಯುತ್ತದೆಯೇ?